ಫುಟ್‌ಬಾಲ್ ‘ಸೀಸನ್’ಗೆ ಋತು, ಹಂಗಾಮು, ಸಾಲು: ಯಾವುದು ಹೊಂದುತ್ತದೆ?

ಗೆಳೆಯರೇ,

ಸ್ಪೇನಿನ 1950–51ರ ಫುಟ್‌ಬಾಲ್ ಲೀಗ್ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ತಲೆಬರಹದಲ್ಲೇ ಒಂದು ಪದ ತಡೆದು ನಿಲ್ಲಿಸಿದೆ: ಸೀಸನ್. ನಮ್ಮ ಪತ್ರಿಕೆಗಳ ಆಟದ ಪುಟದಲ್ಲಿ ಇದಕ್ಕೆ ‘ಋತು’ ಅಂತ ಬರೆಯುತ್ತಾರೆ. ‘ಈ ಋತುವಿನ ಮೊದಲ ಗೆಲುವು’, ‘ಕಳೆದ ಋತುವಿನ ಚಾಂಪಿಯನ್’, ಹೀಗೆ. ನನಗೆ ಇದು ಒಗ್ಗುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಹೊಳೆದ ಬೇರೆ ಪದಗಳನ್ನೂ ಮುಂದಿಡುತ್ತೇನೆ. ನಿಮ್ಮ ಕಡೆ ಏನಂತಾರೆ, ತಿಳಿಸಿ.

ಆ ಲೀಗ್ 1950ರ ಸೆಪ್ಟೆಂಬರಿನಲ್ಲಿ ಶುರುವಾಗಿ 1951ರ ಏಪ್ರಿಲ್‌ನಲ್ಲಿ ಮುಗಿಯಿತು. ನಮ್ಮ ಲೆಕ್ಕದಲ್ಲಿ ಶರತ್, ಹೇಮಂತ, ಶಿಶಿರ ದಾಟಿ ವಸಂತಕ್ಕೆ ಕಾಲಿಟ್ಟ ಹಾಗೆ. ನಾಲ್ಕು ಋತು ಸೇರಿ ಒಂದು ಋತು ಅನ್ನುವುದು ಹೇಗೆ? ಇಂಗ್ಲಿಷಿನಲ್ಲಿ ಮಳೆಗಾಲ ಚಳಿಗಾಲಕ್ಕೂ ಆಟಕ್ಕೂ ಒಂದೇ ಪದ ಇದೆ. ಅದನ್ನೇ ನಾವು ಹಾಗೇ ಎತ್ತಿಕೊಂಡಿದ್ದೇವೆ. ಸ್ಪ್ಯಾನಿಶ್‌ನಲ್ಲಿ ಹಾಗಿಲ್ಲ. ಬೇಸಿಗೆ, ಚಳಿಗಾಲಗಳಿಗೆ ‘ಎಸ್ತಾಸಿಯೋನ್’, ಆಟಕ್ಕೆ ‘ತೆಂಪೊರಾದಾ’. ತೆಂಪೊರಾದಾ ಅಂದರೆ ಒಂದು ಕೆಲಸ ನಡೆಯುವ ಗೊತ್ತಾದ ಅವಧಿ. ನಾಟಕ, ಬೇಟೆ, ಪ್ರವಾಸಿಗರು ಬರುವ ತಿಂಗಳು, ಎಲ್ಲಕ್ಕೂ ಅದೇ ಪದ. ಸ್ಪೇನಿನ ವಿಷಯ ಬರೆಯುವಾಗಲೂ ಇಂಗ್ಲಿಷಿನ ದಾರಿಯಲ್ಲೇ ಸುತ್ತಿಕೊಂಡು ಬರಬೇಕಾ?

ತೆಂಪೊರಾದಾಕ್ಕೆ ಸರಿಜೋಡಿ ನಮ್ಮಲ್ಲೇ ಇದೆ ಅಂತ ನನ್ನ ಅನಿಸಿಕೆ: ಹಂಗಾಮು. ಮೂಲ ಪಾರಸಿ ಇರಬಹುದು, ಆದರೆ ಉತ್ತರ ಕರ್ನಾಟಕದ ಹೊಲದಲ್ಲಿ ಅದು ಎಂದೋ ನಮ್ಮದಾಗಿದೆ. ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಅಂತ ದಿನವೂ ಕೇಳುತ್ತೇವೆ. ಅದರಲ್ಲೂ ಕಬ್ಬು ನುರಿಸುವ ಹಂಗಾಮು ನೋಡಿ. ಅಕ್ಟೋಬರ್–ನವೆಂಬರಿನಲ್ಲಿ ಕಾರ್ಖಾನೆ ಶುರು, ಮುಂದಿನ ವರ್ಷದ ಮಾರ್ಚ್–ಏಪ್ರಿಲ್ ಹೊತ್ತಿಗೆ ಮುಗಿತಾಯ. ಎರಡು ವರ್ಷಗಳ ಮೇಲೆ ಚಾಚಿಕೊಂಡ ಅವಧಿ. ಅದನ್ನು ಬರೆಯುವ ಬಗೆಯೂ ಗೊತ್ತಿದ್ದದ್ದೇ: ‘ಇಂತಿಂಥ ಸಾಲಿನ ಕಬ್ಬು ನುರಿಸುವ ಹಂಗಾಮು’. ಯುರೋಪಿನ ಫುಟ್‌ಬಾಲ್ ಲೀಗ್‌ಗೂ ಬೇಕಾದದ್ದು ಇದೇ ಅಲ್ವಾ? ವರ್ಷ ಹೇಳುವಾಗ ಸಾಲು, ಆಟದ ಅವಧಿ ಹೇಳುವಾಗ ಹಂಗಾಮು.

ಪದವನ್ನು ವಾಕ್ಯದೊಳಗೆ ಇಟ್ಟು ನೋಡದೆ ತೀರ್ಮಾನಕ್ಕೆ ಬರಬಾರದು. ನನ್ನ ಬರಹದಿಂದಲೇ ಕೆಲವು ಕೊಡುತ್ತೇನೆ.

‘1950–51ನೇ ಸಾಲಿನಲ್ಲಿ ಮೊದಲ ದರ್ಜೆಯ ತಂಡಗಳು 14ರಿಂದ 16ಕ್ಕೆ ಏರಿದವು. ಪ್ರತಿ ತಂಡಕ್ಕೂ 30 ಪಂದ್ಯ. ಗೆಲುವಿಗೆ 2 ಅಂಕ, ಡ್ರಾಗೆ 1.’ ಇಲ್ಲಿ ಸಾಲು ಚೆನ್ನಾಗಿ ಕೂರುತ್ತದೆ. ಹಣಕಾಸಿನ ವರ್ಷ, ಶಾಲೆಯ ವರ್ಷ ಓದಿ ರೂಢಿಯಾದವರಿಗೆ ವಿವರಿಸುವ ಅಗತ್ಯವೇ ಇಲ್ಲ.

‘ಹಂಗಾಮಿನ ಕೊನೆಯ ದಿನ ಸೆವಿಲ್ಲಾ ತನ್ನ ನೆರ್ವಿಯೋನ್ ಮೈದಾನದಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ತಂಡವನ್ನು ಎದುರಿಸಿತು. ಸೆವಿಲ್ಲಾ ಗೆದ್ದಿದ್ದರೆ ಎರಡೂ ತಂಡಗಳ ಅಂಕ 39ಕ್ಕೆ ಸಮ ಆಗುತ್ತಿತ್ತು. ಆಟ 1–1ರಲ್ಲಿ ನಿಂತಿತು. ಸೆವಿಲ್ಲಾ ಹೊಡೆದ ಇನ್ನೊಂದು ಗೋಲನ್ನು ರೆಫರಿ ಒಪ್ಪಲಿಲ್ಲ. ಎಲೇನಿಯೊ ಎರೆರಾ ತರಬೇತಿಯ ಅಟ್ಲೆಟಿಕೊ 40 ಅಂಕದೊಂದಿಗೆ ಸತತ ಎರಡನೇ ಬಾರಿ ಚಾಂಪಿಯನ್ ಆಯಿತು.’ ಈಗ ಇಲ್ಲಿ ಹಂಗಾಮಿನ ಬದಲು ಋತು ಹಾಕಿ ಓದಿ. ‘ಋತುವಿನ ಕೊನೆಯ ದಿನ’ ಅಂದರೆ ಎಲೆ ಉದುರುವುದೋ ಚಿಗುರುವುದೋ ನೆನಪಿಗೆ ಬರುತ್ತದೆ. 30 ಪಂದ್ಯಗಳ ದುಡಿಮೆ ಒಂದು ಮಧ್ಯಾಹ್ನಕ್ಕೆ ಬಂದು ನಿಂತ ಬಿಗಿ ಆ ಪದದಲ್ಲಿ ಇಲ್ಲ. ಹಂಗಾಮಿನಲ್ಲಿ ದುಡಿಮೆಯ ವಾಸನೆ ಇದೆ.

ಒಂದು ಅಡ್ಡಿಯೂ ಇದೆ. ಹಳೇ ಮೈಸೂರಿನ ಕಡೆ ಅನೇಕರಿಗೆ ಈ ಪದ ಗೊತ್ತಿರುವುದು ‘ಹಂಗಾಮಿ ಅಧ್ಯಕ್ಷ’, ‘ಹಂಗಾಮಿ ನೌಕರ’ ಅನ್ನುವ ರೂಪದಲ್ಲಿ ಮಾತ್ರ. ಅವರಿಗೆ ‘ಹಂಗಾಮಿನ ಚಾಂಪಿಯನ್’ ಅಂದರೆ ತಾತ್ಕಾಲಿಕ ಚಾಂಪಿಯನ್ ಅಂತ ಕೇಳಿಸೀತೇ? ಮೈಸೂರು, ಮಂಡ್ಯ, ತುಮಕೂರಿನವರು ದಯವಿಟ್ಟು ಹೇಳಿ. ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಯಕ್ಷಗಾನ ಮೇಳಗಳ ‘ತಿರುಗಾಟ’ವೂ ನವೆಂಬರಿನ ಹೊತ್ತಿಗೆ ಹೊರಟು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮುಗಿಯುತ್ತದೆ. ಕಲಾವಿದರು ‘ಆ ತಿರುಗಾಟದಲ್ಲಿ ನಾನು ಇಂಥ ಮೇಳದಲ್ಲಿದ್ದೆ’ ಅನ್ನುತ್ತಾರೆ. ಆಟಗಾರರು ತಂಡ ಬದಲಿಸುವುದನ್ನು ಹೇಳಲು ಇದು ಬಹಳ ಹತ್ತಿರದ ಪದ. ಆದರೆ ಘಟ್ಟ ಹತ್ತಿದರೆ ತಿರುಗಾಟ ಅಂದರೆ ಸುಮ್ನೆ ಅಲೆದಾಟ. ಅದಕ್ಕೇ ಅದನ್ನು ಬಿಟ್ಟೆ.

ಎರಡನೆಯ ಪದ ‘ಪಿಚಿಚಿ’. ಆ ಹಂಗಾಮಿನಲ್ಲಿ ಬಿಲ್ಬಾವೊ ತಂಡದ ತೆಲ್ಮೊ ಸಾರಾ 38 ಗೋಲು ಹೊಡೆದರು. 1989–90ರಲ್ಲಿ ಊಗೊ ಸಾಂಚೆಸ್ ಅದನ್ನು ಸರಿಗಟ್ಟಿದರು. ದಾಟಿ ಹೋದದ್ದು 2010–11ರಲ್ಲಿ, ಕ್ರಿಸ್ಟಿಯಾನೊ ರೊನಾಲ್ಡೊ. ಎಲ್ಲ ಕಡೆ ‘ಸಾರಾ 1951ರ ಪಿಚಿಚಿ’ ಅಂತ ಬರೆದಿರುತ್ತದೆ. ಪಿಚಿಚಿ ಅನ್ನುವುದು ಬಿಲ್ಬಾವೊದ ಹಳೆಯ ಆಟಗಾರ ರಫಾಯೆಲ್ ಮೊರೆನೊ ಅವರ ಅಡ್ಡಹೆಸರು. ಅವರು 1922ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ಹೆಸರಲ್ಲಿ ‘ಮಾರ್ಕಾ’ ಪತ್ರಿಕೆ ಬಹುಮಾನ ಕೊಡಲು ಶುರು ಮಾಡಿದ್ದು 1952–53ರಿಂದ. ಆಮೇಲೆ ಅಂಕಿತನಾಮ ರೂಢನಾಮವಾಯಿತು. ಈಗ ಸ್ಪೇನಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಯಾರೇ ಆಗಲಿ, ‘ಪಿಚಿಚಿ’. ಹಾಗಾಗಿ 1951ರ ಮಾತಿಗೆ ಬಹುಮಾನ ಅನ್ನುವ ಅರ್ಥದಲ್ಲಿ ಅದನ್ನು ಬಳಸುವುದು ತಪ್ಪು. ‘ಅತಿ ಹೆಚ್ಚು ಗೋಲು ಹೊಡೆದವರು ಸಾರಾ’ ಅಂತ ನೇರವಾಗಿ ಬರೆದಿದ್ದೇನೆ. ಇದಕ್ಕೆ ಚಿಕ್ಕದಾಗಿ ‘ಗೋಲುಗಾರ’ ಅನ್ನಬಹುದಾ? ಓಟಗಾರ, ಈಜುಗಾರ ಇದ್ದ ಹಾಗೆ. ಕಿವಿಗೆ ಹೇಗಿದೆ?

ತಂಡಗಳ ಹೆಸರಿನದು ಹೆಚ್ಚು ಸೂಕ್ಷ್ಮ. ಬಿಲ್ಬಾವೊ ತಂಡ ಹುಟ್ಟಿನಿಂದ ‘ಅಥ್ಲೆಟಿಕ್’, ಇಂಗ್ಲಿಷ್ ರೂಪದಲ್ಲಿ. ಅಟ್ಲೆಟಿಕೊ ಮ್ಯಾಡ್ರಿಡ್ ತಂಡ 1903ರಲ್ಲಿ ಅದರದೇ ಕೊಂಬೆಯಾಗಿ ಹುಟ್ಟಿದ್ದು, ಮೊದಲಿಗೆ ಅದಕ್ಕೂ ಅದೇ ಹೆಸರಿತ್ತು. ಸರ್ವಾಧಿಕಾರಿ ಫ್ರಾಂಕೊನ ಆಡಳಿತ 1940ರ ಆಚೀಚೆ ಪರಭಾಷೆಯ ಹೆಸರುಗಳನ್ನು ಸ್ಪ್ಯಾನಿಶ್‌ಗೆ ತಿದ್ದಿಸಿತು. ಅಥ್ಲೆಟಿಕ್ ಹೋಗಿ ‘ಅಟ್ಲೆಟಿಕೊ ದೆ ಬಿಲ್ಬಾವೊ’ ಆಯಿತು. ಫುಟ್‌ಬಾಲ್ ಕ್ಲಬ್ ಬಾರ್ಸೆಲೋನಾ ಹೋಗಿ ‘ಕ್ಲುಬ್ ದೆ ಫುಟ್ಬೋಲ್ ಬಾರ್ಸೆಲೋನಾ’. ಸ್ಪೋರ್ಟಿಂಗ್ ಹಿಹೋನ್ ‘ರಿಯಲ್ ಹಿಹೋನ್’. ಬಿಲ್ಬಾವೊದವರು ಹಳೆಯ ಹೆಸರನ್ನು ಮರಳಿ ಪಡೆದದ್ದು 1972ರಲ್ಲಿ. ಅಂದರೆ 1951ರ ಅಂಕಪಟ್ಟಿಯಲ್ಲಿ ಎರಡು ಅಟ್ಲೆಟಿಕೊ ಇವೆ. ಯಾವ ಹೆಸರು ಬರೆಯೋಣ? ಅಂಕಪಟ್ಟಿಯಲ್ಲಿ ಅಂದಿನ ಹೆಸರನ್ನೇ ಇಡಬೇಕು, ಬರಹದೊಳಗೆ ಒಂದು ಸಲ ವಿವರಿಸಿ ಆಮೇಲೆ ‘ಅಥ್ಲೆಟಿಕ್’ ಅನ್ನಬೇಕು ಅಂತ ನನ್ನ ನಿಲುವು. ಅಂದಿನ ಹೆಸರನ್ನು ಪೂರ್ತಿ ಅಳಿಸಿದರೆ ಒಂದು ಊರಿನ ಮೇಲೆ ಹೇರಿದ ಒತ್ತಾಯವೂ ಕಾಣದೆ ಹೋಗುತ್ತದೆ. ಬರೀ ಅದನ್ನೇ ಬಳಸಿದರೆ ಹೇರಿದವರ ಮಾತಿಗೆ ನಾವೂ ಹೂಂ ಅಂದ ಹಾಗೆ.

ಇದೇ ಜಾಗದಲ್ಲಿ ಕಾಲ್ಚೆಂಡಿನ ವಿಷಯವೂ ಬರುತ್ತದೆ. ಸ್ಪೇನಿನಲ್ಲೂ ಹಿಂದೆ ‘ಬಾಲೊಂಪಿಯೆ’ ಅಂತ ಒಂದು ಪದ ಕಟ್ಟಿದ್ದರು. ಬಾಲೋನ್ ಅಂದರೆ ಚೆಂಡು, ಪಿಯೆ ಅಂದರೆ ಪಾದ. ನಮ್ಮ ಕಾಲ್ಚೆಂಡಿನ ಹಾಗೇ. ರಿಯಲ್ ಬೆಟಿಸ್ ಬಾಲೊಂಪಿಯೆ ಅನ್ನುವ ಸೆವಿಲ್ಲಾ ನಗರದ ತಂಡದ ಹೆಸರಲ್ಲಿ ಅದು ಇವತ್ತಿಗೂ ಉಳಿದಿದೆ. ಜನ ಮಾತ್ರ ‘ಫುಟ್ಬೋಲ್’ ಅಂದರು. ಪರಭಾಷೆಯ ಹೆಸರು ಬೇಡ ಅಂದ ಆಡಳಿತವೂ ಬಾರ್ಸೆಲೋನಾದ ಹೆಸರಲ್ಲಿ ಫುಟ್ಬೋಲ್ ಅನ್ನು ಉಳಿಸಿತು, ಅಷ್ಟು ಹೊತ್ತಿಗೆ ಅದು ಸ್ಪ್ಯಾನಿಶ್ ಪದವೇ ಆಗಿಹೋಗಿತ್ತು. ನಾನೂ ಫುಟ್‌ಬಾಲ್ ಅಂತಲೇ ಬರೆಯುತ್ತಿದ್ದೇನೆ.

ಕೆಳಗಿನ ದರ್ಜೆಗೆ ಇಳಿಯುವುದಕ್ಕೆ ‘ಹಿಂಬಡ್ತಿ’ ಸಾಕು ಅನಿಸುತ್ತದೆ. ಕಚೇರಿಯ ಪದವಾದರೂ ಬಡ್ತಿಯ ಎದುರು ಸಲೀಸಾಗಿ ನಿಲ್ಲುತ್ತದೆ.

ಈ ಹಿಂಬಡ್ತಿಯ ಜೊತೆ ನನ್ನ ಕೊನೆಯ ಪ್ರಶ್ನೆ ಇದೆ. ಆ ಹಂಗಾಮಿನಲ್ಲಿ ಕೆಳಗಿಳಿದವರಲ್ಲಿ ಅಲ್ಕೊಯಾನೊ ಒಂದು. ಅಲಿಕಾಂತೆ ಪ್ರಾಂತ್ಯದ ಅಲ್ಕೋಯ್ ಅನ್ನುವ ಬಟ್ಟೆ ಗಿರಣಿಗಳ ಊರಿನ ತಂಡ. ಆಮೇಲೆ ಅದು ಮೊದಲ ದರ್ಜೆಗೆ ಮರಳಲೇ ಇಲ್ಲ. ಆದರೆ ಸ್ಪ್ಯಾನಿಶ್ ಮಾತಿನಲ್ಲಿ ಅದರ ಹೆಸರು ನಿಂತುಬಿಟ್ಟಿದೆ: ‘ಅಲ್ಕೊಯಾನೊಗಿಂತ ಜಾಸ್ತಿ ಧೈರ್ಯ ಇವನಿಗೆ’. ರಾಶಿ ಗೋಲಿನ ಹಿಂದೆ ಬಿದ್ದಿದ್ದಾಗ, ಸಮ ಮಾಡಿಕೊಳ್ಳುತ್ತೇವೆ, ಇನ್ನಷ್ಟು ಹೊತ್ತು ಆಡಿಸಿ ಅಂತ ಆ ತಂಡದವರು ರೆಫರಿಯನ್ನು ಕೇಳಿದರು ಅನ್ನುವುದು ಅದರ ಹಿಂದಿನ ಕತೆ. ಸೋಲು ಕಣ್ಣೆದುರಿಗೇ ಇದ್ದರೂ ಕೈಚೆಲ್ಲದವರಿಗೆ ಈ ಮಾತು. ಇದರಲ್ಲಿ ಮೆಚ್ಚುಗೆಯೂ ಇದೆ, ಪ್ರೀತಿಯೂ ಇದೆ. ನಮ್ಮ ‘ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಇದಕ್ಕೆ ಹೊಂದುವುದಿಲ್ಲ, ಅದರಲ್ಲಿ ಸೋಲನ್ನು ಒಪ್ಪದ ಜಂಬ ಇದೆ. ‘ಛಲ ಬಿಡದ ತ್ರಿವಿಕ್ರಮ’ ಹತ್ತಿರ ಬರುತ್ತದೆ, ಆದರೆ ಅವನು ರಾಜ, ಇವರು ಗಿರಣಿ ಊರಿನ ಹುಡುಗರು. ನಿಮ್ಮ ಊರಿನ ಮಾತಿನಲ್ಲಿ, ಮನೆಯ ಹಿರಿಯರ ಬಾಯಲ್ಲಿ ಇದಕ್ಕೆ ಸರಿಹೊಂದುವ ನುಡಿಗಟ್ಟು ಕೇಳಿದ್ದರೆ ಯಾವ ತಾಲೂಕಿನದು ಅನ್ನುವುದನ್ನೂ ಸೇರಿಸಿ ಬರೆಯಿರಿ.