ಟೀ ಶರ್ಟ್ ಬಟ್ಟೆಯ ಜಿಎಸ್‌ಎಂ: 160, 180, 240ರಲ್ಲಿ ನೀವು ಯಾವುದನ್ನು ತರಿಸಿದಿರಿ?

ಧಾರವಾಡದ ಹೊಸಬ:
ರಾಜ್ಯೋತ್ಸವಕ್ಕೆಂದು ಕನ್ನಡ ಬರಹದ 300 ಟೀ ಶರ್ಟ್‌ಗಳನ್ನು ತಿರುಪ್ಪೂರಿನಿಂದ ತರಿಸಿ ಕಾಲೇಜು ವಿದ್ಯಾರ್ಥಿಗಳಿಗೆ ಮಾರಬೇಕೆಂದಿದ್ದೇನೆ. ತಯಾರಕರು 160, 180, 240 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಬಟ್ಟೆಗಳಿಗೆ ಮೂರು ದರಗಳನ್ನು ಕೊಟ್ಟಿದ್ದಾರೆ. ತರಿಸಿ ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ತುಮಕೂರು ಅಂಗಡಿ:
160 ಎಂಬ ಮಾತನ್ನು ನಂಬಿ ನಾನು ಕೈ ಸುಟ್ಟುಕೊಂಡಿದ್ದೇನೆ. ಓಟದ ಸ್ಪರ್ಧೆಯೊಂದಕ್ಕೆ ತಲಾ 128 ರೂಪಾಯಿಯಂತೆ 250 ಬಿಳಿ ಟೀ ಶರ್ಟ್‌ಗಳಿಗೆ 32,000 ರೂಪಾಯಿ ಕೊಟ್ಟೆ. ಬೆವರಿದ ಕೂಡಲೇ ಒಳಗಿನ ಬನಿಯನ್ ಕಾಣುತ್ತಿತ್ತು. 61 ಮಂದಿ ಹಿಂದಿರುಗಿಸಿದರು. ತಲಾ 249ರಂತೆ 15,189 ರೂಪಾಯಿಯನ್ನು ಮರಳಿಸಿದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದು ನನ್ನ ಇನ್ನೊಂದು ತಪ್ಪು. 100 ಚದರ ಸೆಂಟಿಮೀಟರಿನ ತುಂಡಿನಲ್ಲಿ ಒಂದು ಗ್ರಾಂ ಹೆಚ್ಚುಕಡಿಮೆಯಾದರೆ ಲೆಕ್ಕದಲ್ಲಿ 100 ಜಿಎಸ್‌ಎಂ ವ್ಯತ್ಯಾಸವಾಗುತ್ತದೆ. ಕೊನೆಗೆ ಚಿನ್ನದಂಗಡಿಯ ತಕ್ಕಡಿಯಲ್ಲಿ 1.42 ಗ್ರಾಂ ಬಂದಿತು, ಅಂದರೆ 142. ತಯಾರಕರನ್ನು ಕೇಳಿದರೆ, "ಶೇಕಡಾ ಐದು ಹೆಚ್ಚುಕಡಿಮೆ ಇದ್ದದ್ದೇ" ಎಂದರು. 160ರಲ್ಲಿ ಐದು ಶೇಕಡಾ ಕಳೆದರೂ 152 ಉಳಿಯಬೇಕಲ್ಲವೇ?

ಮಂಗಳೂರು ಮುದ್ರಣ:
ಅಗ್ಗಕ್ಕೆ ಆಸೆಪಟ್ಟರೆ ಹೀಗೆಯೇ ಆಗುತ್ತದೆ. ತಯಾರಕರು 180ಕ್ಕೆ 176 ರೂಪಾಯಿ, 240ಕ್ಕೆ 232 ರೂಪಾಯಿ ಎಂದಾಗ ನಾನು 240ನ್ನೇ ಆರಿಸಿದೆ. 400 ಟೀ ಶರ್ಟ್‌ಗಳಿಗೆ 22,400 ರೂಪಾಯಿ ಹೆಚ್ಚು ಕೊಟ್ಟೆ, ಆದರೆ ಒಂದೂ ಹಿಂದೆ ಬರಲಿಲ್ಲ. ಕೊರಿಯರ್ ವಿಷಯದಲ್ಲಿ ಮಾತ್ರ ಪೆಟ್ಟು ಬಿತ್ತು. ಒಂದೊಂದು 250 ಗ್ರಾಂ ತೂಗುತ್ತಿದ್ದುದರಿಂದ ಎರಡನ್ನು ಲಕೋಟೆಗೆ ಹಾಕಿದರೆ 500 ಗ್ರಾಂ ಮೀರಿ ಮುಂದಿನ ದರ ಬೀಳುತ್ತಿತ್ತು. 140 ಪಾರ್ಸಲ್‌ಗಳಿಗೆ 32 ರೂಪಾಯಿಯಂತೆ 4,480 ರೂಪಾಯಿ ಹೋಯಿತು. ಎರಡು ಒಗೆತದ ಬಳಿಕವೂ ಒಂದನ್ನು ಕತ್ತರಿಸಿ ತೂಗಿ ನೋಡಿದ್ದೇನೆ, 240 ಸರಿಯಾಗಿ ಇತ್ತು.

ಕಟಿಂಗ್ ಮೇಜು:
ಹದಿನೈದು ವರ್ಷ ನಿಟ್ (ಹೆಣೆದ) ಬಟ್ಟೆಯ ತಪಾಸಣೆ ಮಾಡಿದವನಾಗಿ ಹೇಳುತ್ತೇನೆ: ಮಂಗಳೂರಿನವರು ಒಗೆದ ನಂತರ ತೂಗಿದ್ದಾರೆ, ಹಾಗಾಗಿ ಅವರಿಗೆ 240 ಸಿಕ್ಕಿರಲಾರದು. ಸರಿಯಾಗಿ ಕಾಂಪ್ಯಾಕ್ಟಿಂಗ್ ಮಾಡದ, ಅಂದರೆ ಯಂತ್ರದಲ್ಲಿ ಮೊದಲೇ ಕುಗ್ಗಿಸದ ಸಿಂಗಲ್ ಜರ್ಸಿ (ಟೀ ಶರ್ಟಿನ ಸಾಮಾನ್ಯ ಹೆಣಿಗೆ ಬಟ್ಟೆ) ಉದ್ದಕ್ಕೂ ಅಗಲಕ್ಕೂ ಐದೈದು ಶೇಕಡಾ ಕುಗ್ಗಿದರೆ, ಅದೇ ನೂಲು ಕಡಿಮೆ ಜಾಗದಲ್ಲಿ ಕೂಡುವುದರಿಂದ 217 ಇದ್ದದ್ದು 240 ಆಗುತ್ತದೆ. ಅವರು ಹೆಚ್ಚು ಕೊಟ್ಟದ್ದು ಬಟ್ಟೆಗಲ್ಲ, ಕುಗ್ಗುವಿಕೆಗೆ. ಮಳೆಗಾಲದಲ್ಲಿ ತೂಗಿದ್ದರಂತೂ ಹತ್ತಿ ಹೀರಿದ ತೇವವೂ ಅದರಲ್ಲಿ ಸೇರಿರುತ್ತದೆ. 65 ಶೇಕಡಾ ಆರ್ದ್ರತೆ, 20 ಡಿಗ್ರಿ ಉಷ್ಣತೆಯಲ್ಲಿ ಬಟ್ಟೆಯನ್ನು ಹದಕ್ಕೆ ತಂದು ಅಳೆಯುವುದು ಸುಮ್ಮನೆ ಮಾಡಿದ ನಿಯಮವಲ್ಲ. ತುಮಕೂರಿನವರ 142ಕ್ಕೂ ಕಾರಣವಿರಬಹುದು. ಬಟ್ಟೆಯನ್ನು ನಯಗೊಳಿಸುವ ಬಯೋ ವಾಷ್‌ನಲ್ಲಿ ಕಿಣ್ವವು ಮೇಲ್ಮೈಯ ನವಿರು ಎಳೆಗಳನ್ನು ತಿಂದುಹಾಕಿ ತೂಕ ಇಳಿಯುತ್ತದೆ. ದರ ಹೇಳುವಾಗ ವಾಷ್‌ಗೆ ಮೊದಲಿನ ಅಂಕಿಯನ್ನು ಹೇಳುವವರಿದ್ದಾರೆ.

ಮಂಗಳೂರು ಮುದ್ರಣ:
ನನ್ನ ಬಟ್ಟೆಯನ್ನು ಕಣ್ಣಿನಿಂದಲೂ ನೋಡದೆ ತೀರ್ಪು ಕೊಡಬೇಡಿ. ನಿಮ್ಮ ಹದಿನೈದು ವರ್ಷಗಳ ಅನುಭವಕ್ಕೆ ಗೌರವವಿದೆ, ಆದರೆ ನನ್ನ ಗಿರಾಕಿಗಳು ಮತ್ತೆ ಅದನ್ನೇ ಕೇಳುತ್ತಿದ್ದಾರೆ.

ತುಮಕೂರು ಅಂಗಡಿ:
ನನ್ನನ್ನು ಅಗ್ಗದ ಆಸೆಯವನು ಎಂದವರು ತಾವೂ ಮೋಸ ಹೋಗಿರಬಹುದು ಎಂದಾಗ ಇಷ್ಟು ಕೋಪಿಸಿಕೊಳ್ಳಬೇಕೇ?

ಬಳ್ಳಾರಿ ಜೀನ್ಸ್:
ನಮ್ಮೂರಿನಲ್ಲಿ ಜಿಎಸ್‌ಎಂ ಎಂದರೆ ಯಾರೂ ತಲೆಯಾಡಿಸುವುದಿಲ್ಲ. ಚದರ ಗಜಕ್ಕೆ ಎಷ್ಟು ಔನ್ಸ್ ಎಂದೇ ವ್ಯವಹಾರ. ಒಂದು ಔನ್ಸ್ ಎಂದರೆ ಸುಮಾರು 33.9 ಜಿಎಸ್‌ಎಂ. ಕಳೆದ ವರ್ಷ ಗಿರಾಕಿಗೆ 407 ಜಿಎಸ್‌ಎಂ, ಅಂದರೆ 12 ಔನ್ಸ್ ಬೇಕಿತ್ತು. ಹತ್ತು ಔನ್ಸಿನ ಥಾನುಗಳನ್ನು ಹೊಲಿಗೆಗೆ ಬಿಟ್ಟ ಮೇಲೆ ತಪ್ಪು ತಿಳಿಯಿತು. 90 ಪ್ಯಾಂಟುಗಳನ್ನು ಹೊಲಿಗೆಯ ಕೂಲಿಯೂ ಹುಟ್ಟದ ದರಕ್ಕೆ ಬಿಟ್ಟುಕೊಟ್ಟೆ.

ತುಮಕೂರು ಅಂಗಡಿ:
ಟೀ ಶರ್ಟ್ ಕೇಳಿದವರಿಗೆ ಜೀನ್ಸಿನ ಲೆಕ್ಕ ಯಾತಕ್ಕೆ?

ಬಳ್ಳಾರಿ ಜೀನ್ಸ್:
ಲೆಕ್ಕ ಯಾವ ಬಟ್ಟೆಯದ್ದಾದರೂ ತೂಗದೆ ಕತ್ತರಿ ಹಾಕಿದವನ ನಷ್ಟ ಒಂದೇ ಎಂದು ಹೇಳಿದೆನಷ್ಟೇ. ಬೇಡವಾದರೆ ಬಿಡಿ.

ಧಾರವಾಡದ ಹೊಸಬ:
ಎಲ್ಲರಿಗೂ ಧನ್ಯವಾದಗಳು. ಆದರೆ 180 ಆದೀತೇ ಎಂಬುದು ನನಗಿನ್ನೂ ತಿಳಿಯಲಿಲ್ಲ.

ಕಟಿಂಗ್ ಮೇಜು:
ಬಣ್ಣದ ಟೀ ಶರ್ಟ್‌ಗೆ 180 ಧಾರಾಳವಾಗಿ ಸಾಕು. ಆದರೆ ಸಂಖ್ಯೆಯನ್ನಷ್ಟೇ ಕೇಳಬೇಡಿ. ಒರಟು ಕಾರ್ಡೆಡ್ ನೂಲಿನಲ್ಲಿ ಹೆಣೆದ 180ಕ್ಕೂ ಕೋಂಬ್ಡ್ (ಗಿಡ್ಡ ಎಳೆಗಳನ್ನು ಬಾಚಿ ತೆಗೆದ ನಯವಾದ) ನೂಲಿನ 180ಕ್ಕೂ ತಕ್ಕಡಿಯಲ್ಲಿ ಭೇದವಿಲ್ಲ, ಮೈಮೇಲೆ ಇದೆ. ವಾಷ್ ಮುಗಿದ ಬಟ್ಟೆಯ ಜಿಎಸ್‌ಎಂ ಮತ್ತು ಕುಗ್ಗುವಿಕೆಯ ಮಿತಿ ಎರಡನ್ನೂ ಆರ್ಡರಿನಲ್ಲೇ ಬರೆಸಿಕೊಳ್ಳಿ, ಲಾಟ್ ಬಂದ ದಿನವೇ ಮೂರು ಬೇರೆ ಬೇರೆ ಟೀ ಶರ್ಟ್‌ಗಳಿಂದ ತುಂಡು ಕತ್ತರಿಸಿ ತೂಗಿ.

ಮಂಗಳೂರು ಮುದ್ರಣ:
ಗೋದಾಮಿನಲ್ಲಿ ಒಗೆಯದೆ ಉಳಿದಿದ್ದ ಒಂದನ್ನು ಇಂದು ಕತ್ತರಿಸಿ ತೂಗಿದೆ. 2.18 ಗ್ರಾಂ ಬಂದಿದೆ. ತಯಾರಕರಿಗೆ ಫೋಟೋ ಕಳುಹಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.