'ಅವಶೇಷ' ಸಾಕಾ, 'ಸಿಡಿಯುಳಿಕೆ' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಬರೆಯುತ್ತಿದ್ದೇನೆ. ನಕ್ಷತ್ರ ಸಿಡಿದ ಮೇಲೆ ಉಳಿಯುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವ ವಿಚಾರದಲ್ಲಿ ನಿಮ್ಮ ಸಹಾಯ ಬೇಕು.

ಹೋದ ಶನಿವಾರ ಇಲ್ಲಿನ ಹೈಸ್ಕೂಲ್ ಮಕ್ಕಳಿಗೆ ಸಿಡಿದ ನಕ್ಷತ್ರಗಳ ಚಿತ್ರ ತೋರಿಸುತ್ತಿದ್ದೆ. ಪರದೆ ಮೇಲೆ ಕ್ಯಾಸಿಯೋಪಿಯಾ ಎ ಇತ್ತು. 1999ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚಂದ್ರಾ ಎಕ್ಸ್-ರೇ ದೂರದರ್ಶಕದ ಚಿತ್ರ. 'ಇದು ಸೂಪರ್ನೋವಾ ಅವಶೇಷ' ಅಂದೆ. ಸೂಪರ್ನೋವಾ ಅಂದರೆ ನಕ್ಷತ್ರದ ಸಿಡಿತ. ಪತ್ರಿಕೆಗಳಲ್ಲೂ ಹಾಗೇ ಬರೆಯುತ್ತಾರಲ್ಲ. ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಹಳೇಬೀಡಲ್ಲಿ ಇರೋ ಥರಾನಾ ಸಾರ್, ಒಡೆದು ಬಿದ್ದಿರೋದು?"

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಅವಶೇಷ ಅಂದರೆ ಕಣ್ಣಿಗೆ ಬರುವುದು ಹುಲ್ಲಿನ ನಡುವೆ ಕೈ ಮುರಿದ ವಿಗ್ರಹ, ಸುಮ್ನೆ ಮಲಗಿರುವ ಕಂಬ. ಆದರೆ ಕ್ಯಾಸಿಯೋಪಿಯಾ ಎ ಮಲಗಿಲ್ಲ. ಅದು ಸಿಡಿದ ಬೆಳಕು ಭೂಮಿಗೆ ತಲುಪಿ ಸುಮಾರು 340 ವರ್ಷ ಆಯಿತು. ಈಗಲೂ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹಿಗ್ಗುತ್ತಿದೆ. ಎದುರಿಗೆ ಸಿಕ್ಕ ಅನಿಲಕ್ಕೆ ಗುದ್ದಿ ಕೋಟಿ ಡಿಗ್ರಿ ದಾಟಿ ಕಾಯುತ್ತದೆ. ಅಷ್ಟು ಕಾದದ್ದರಿಂದಲೇ ಎಕ್ಸ್-ರೇ ಹೊರಡುವುದು. ಸಿಲಿಕಾನ್, ಗಂಧಕ, ಕಬ್ಬಿಣ ಎಲ್ಲೆಲ್ಲಿ ಚೆಲ್ಲಿವೆ ಅಂತ ಆ ಚಿತ್ರದಲ್ಲಿ ಬೇರೆ ಬೇರೆಯಾಗಿ ಗುರುತಿಸಬಹುದು. ಇಷ್ಟೆಲ್ಲ ನಡೆಯುತ್ತಿರುವುದಕ್ಕೆ 'ಅವಶೇಷ' ತೀರಾ ತಣ್ಣಗಾಯಿತು ಅನ್ನಿಸುತ್ತದೆ.

'ಶೇಷ' ಅಂದರೆ ಮಕ್ಕಳಿಗೆ ಭಾಗಾಕಾರದ ಲೆಕ್ಕ. 'ಕೆಂಡ' ಅನ್ನೋಣ ಅಂದುಕೊಂಡೆ. ಬಚ್ಚಲ ಒಲೆಯ ಬೂದಿ ಕೆದಕಿದರೆ ಬೆಳಿಗ್ಗೆಯೂ ಕೆಂಪಗೆ ಇರುತ್ತದಲ್ವಾ, ಹಾಗೆ. ಆದರೆ ಕೆಂಡ ಇದ್ದಲ್ಲೇ ಆರುತ್ತದೆ, ಇದು ಹರಡಿಕೊಳ್ಳುತ್ತಾ ಆರುತ್ತದೆ. ಆಗ ನೆನಪಾದದ್ದು 'ಪಳೆಯುಳಿಕೆ'. ಎಂಥ ಒಳ್ಳೆಯ ಪದ ಅದು! ಅದೇ ದಾರಿಯಲ್ಲಿ 'ಸಿಡಿಯುಳಿಕೆ' ಅಂದರೆ ಹೇಗೆ? ಉಳಿದದ್ದು ಯಾವುದರಿಂದ ಅನ್ನುವುದು ಪದದಲ್ಲೇ ಇದೆ. ನನಗಿರುವ ಅಳುಕು ಒಂದೇ. ಸಿಡಿ ಅಂದ ಕೂಡಲೇ ಹಳ್ಳಿಯವರಿಗೆ ಜಾತ್ರೆಯ ಸಿಡಿಯೂ ನೆನಪಾಗಬಹುದು.

ಇನ್ನೊಂದು ಚಿಕ್ಕ ಸಂಗತಿ. 'ಎಕ್ಸ್-ರೇ ತೆಗೆಯುವ ದೂರದರ್ಶಕ' ಅಂದಿದ್ದಕ್ಕೆ, ಅದು ನಕ್ಷತ್ರದ ಮೇಲೆ ಕಿರಣ ಬಿಡುತ್ತದೆ ಅಂತ ಮಕ್ಕಳು ತಿಳಿದುಕೊಂಡರು, ಆಸ್ಪತ್ರೆ ಯಂತ್ರದ ಹಾಗೆ. ಕಿರಣ ಬರುವುದು ಅಲ್ಲಿಂದ. ನಮ್ಮ ವಾತಾವರಣ ಅದನ್ನು ನೆಲದವರೆಗೆ ಬಿಡುವುದಿಲ್ಲ. ಅದಕ್ಕೇ ಚಂದ್ರಾ ಆಗಲಿ, 2015ರಲ್ಲಿ ಇಸ್ರೋ ಕಳಿಸಿದ ಆಸ್ಟ್ರೋಸ್ಯಾಟ್ ಆಗಲಿ, ಗಾಳಿ ದಾಟಿ ಮೇಲೆ ಹೋಗಬೇಕಾಯಿತು. ಇಲ್ಲಿ 'ಎಕ್ಸ್-ರೇ ಹಿಡಿಯುವ' ಅನ್ನುವುದೇ ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಸೂರಿನ ನೀರಿಗೆ ಕೊಡ ಇಟ್ಟು ಹಿಡಿಯುತ್ತೇವಲ್ಲ, ಆ ಹಿಡಿಯುವುದು.

'ಸಿಡಿಯುಳಿಕೆ'ಯನ್ನು ಯಾರಾದರೂ ಮೊದಲೇ ಬಳಸಿದ್ದಾರಾ? ಇದಕ್ಕಿಂತ ಜಾಸ್ತಿ ಒಪ್ಪುವ ಪದ ನಿಮ್ಮ ಕಡೆ ಇದೆಯಾ? ಈ ಶನಿವಾರ ಮತ್ತೆ ಅದೇ ತರಗತಿಗೆ ಹೋಗುತ್ತಿದ್ದೇನೆ. ಅಷ್ಟರೊಳಗೆ ತಿಳಿಸಿದರೆ ಆ ಹುಡುಗಿಗೆ ಹೇಳುತ್ತೇನೆ.