ಸಹಾಯ ಬೇಕು: ಎ ಲೆವೆಲ್‌ಗೆ (ನಮ್ಮ ಪಿಯುಸಿ ಇದ್ದ ಹಾಗೆ) ಪ್ರೈವೇಟ್ ಸ್ಕೂಲು ಬಿಡಿಸಿದರೆ ಲಾಭವಾ, ನಷ್ಟವಾ?

ಇಂಗ್ಲೆಂಡಿನಲ್ಲಿ ಮಕ್ಕಳನ್ನ ಓದಿಸ್ತಿರೋರು ದಯವಿಟ್ಟು ಹೇಳಿ. ಮಗಳು ಪ್ರೈವೇಟ್ ಸ್ಕೂಲಲ್ಲಿ ಇಯರ್ 11, ಅಂದರೆ ಜಿಸಿಎಸ್‌ಇ (ನಮ್ಮ ಹತ್ತನೇ ಕ್ಲಾಸಿನ ಪರೀಕ್ಷೆ ಹಾಗೆ) ಬರೆಯೋ ವರ್ಷ. ಗುರಿ ಆಕ್ಸ್‌ಫರ್ಡ್ ಇಲ್ಲವೇ ಕೇಂಬ್ರಿಡ್ಜ್, ಗಣಿತಕ್ಕೆ. 2025ರ ಜನವರಿ 1ರಿಂದ ಫೀಸಿನ ಮೇಲೆ 20% ವ್ಯಾಟ್ ಇದೆ. 18,000 ಪೌಂಡ್ ಫೀಸಿಗೆ ತೆರಿಗೆಯೇ 3,600 ಆಗುತ್ತೆ.

ಆಕ್ಸ್‌ಫರ್ಡ್ ಜಿಸಿಎಸ್‌ಇ ಗ್ರೇಡನ್ನ ಅದೇ ಶಾಲೆಯ ಉಳಿದವರ ಫಲಿತಾಂಶದ ಪಕ್ಕ ಇಟ್ಟು ನೋಡುತ್ತೆ. ಹೆಚ್ಚಿನವರಿಗೆ 8, 9 (9 ಅಂದರೆ ಅತಿ ಮೇಲಿನ ಗ್ರೇಡ್) ಬರೋ ಕಡೆ ಎಂಟು ವಿಷಯದಲ್ಲಿ 9 ತಂದರೂ ಅಷ್ಟೇನೂ ಎದ್ದು ಕಾಣಲ್ಲ; ಸಾಧಾರಣ ಫಲಿತಾಂಶದ ಸರ್ಕಾರಿ ಶಾಲೆಯಲ್ಲಿ ಅಷ್ಟೇ ತಂದರೆ ಕಾಣುತ್ತೆ. ಸರ್ಕಾರಿ ಶಾಲೆಯವರಿಗೆ ಇಂತಿಷ್ಟು ಪಾಲು ಅನ್ನೋ ಗುರಿಯನ್ನ ಕೇಂಬ್ರಿಡ್ಜ್ ಕೈಬಿಟ್ಟಿತು, ಆದರೆ ಹಿನ್ನೆಲೆ ನೋಡೋದನ್ನ ಬಿಟ್ಟಿಲ್ಲ.

ಅದಕ್ಕೇ ಸಿಕ್ಸ್ತ್ ಫಾರ್ಮ್‌ಗೆ (ಎ ಲೆವೆಲ್ ಓದೋ ಎರಡು ವರ್ಷಕ್ಕೆ) ಸರ್ಕಾರಿ ಕಾಲೇಜು ಅಂತ ಯೋಚನೆ. ತೊಡಕು ಎರಡು. ಗಣಿತಕ್ಕೆ ಫರ್ದರ್ ಮ್ಯಾಥ್ಸ್ (ಮಾಮೂಲಿ ಗಣಿತದ ಜೊತೆ ತಗೊಳ್ಳೋ ಇನ್ನೊಂದು ಎ ಲೆವೆಲ್ ಗಣಿತ) ಬೇಕೇ ಬೇಕು ಅನ್ನೋ ಹಾಗಿದೆ. ವಿದ್ಯಾರ್ಥಿಗಳು ಕಡಿಮೆ ಇದ್ದರೆ ಕೆಲವು ಕಡೆ ಆ ಕ್ಲಾಸೇ ನಡೆಯಲ್ಲ. ಗಣಿತದ ಸೀಟಿಗೆ ಕೇಂಬ್ರಿಡ್ಜ್ ಕೇಳೋ ಸ್ಟೆಪ್ (STEP) ಅನ್ನೋ ಕಷ್ಟದ ಗಣಿತ ಪರೀಕ್ಷೆಗೆ ತಯಾರು ಮಾಡೋ ಮೇಷ್ಟ್ರು ಎಲ್ಲ ಕಡೆ ಸಿಗಲ್ಲ. ಎರಡೂ ವಿಶ್ವವಿದ್ಯಾಲಯದ ಪುಟಗಳನ್ನ ಓದಿ ಆಯ್ತು. ಈಗಿನ ಸ್ಕೂಲನ್ನ ಕೇಳಿದರೆ 'ಇಲ್ಲೇ ಇರಲಿ' ಅಂದರು, ಇನ್ನೇನು ಅಂತಾರೆ!

ನನಗೆ ಸ್ಪಷ್ಟವಾಗಬೇಕಿರೋದು ಇಷ್ಟೇ: ಜಿಸಿಎಸ್‌ಇ ಪ್ರೈವೇಟಲ್ಲಿ, ಎ ಲೆವೆಲ್ ಸರ್ಕಾರಿಯಲ್ಲಿ ಮಾಡಿದರೆ ಹಿನ್ನೆಲೆ ಲೆಕ್ಕಕ್ಕೆ ಯಾವ ಶಾಲೆ ಹೆಚ್ಚು ತೂಗುತ್ತೆ? ಹೀಗೆ ಬದಲಾಯಿಸಿ ಗಣಿತಕ್ಕೆ ಅರ್ಜಿ ಹಾಕಿದವರು ಫರ್ದರ್ ಮ್ಯಾಥ್ಸ್, ಸ್ಟೆಪ್ ಎರಡನ್ನೂ ಹೇಗೆ ಸಂಭಾಳಿಸಿದ್ರಿ?